ಬೇಸಿಗೆಯಲ್ಲಿ ಕೈತೋಟ: ಇರುವ ನೀರಲ್ಲಿ ಏನನ್ನು ಉಳಿಸಿಕೊಳ್ಳೋಣ?

(ಕುಂದಾಣ ಹೋಬಳಿಯ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ಮಾಡಿದ ಭಾಷಣದ ಬರಹ ರೂಪ)



ಮನೆಗೆಲಸ, ಕೂಲಿ, ದನಕರು, ರೇಷ್ಮೆಹುಳು ಇಷ್ಟರ ನಡುವೆ ಈ ಬಿಸಿಲಲ್ಲಿ ನಡೆದುಕೊಂಡು ಬಂದು ಕೂತಿದ್ದೀರಿ. ಮೊದಲು ಒಂದೊಂದು ಲೋಟ ಮಜ್ಜಿಗೆ ಕುಡಿಯಿರಿ. ಆಮೇಲೆ ಮಾತಾಡೋಣ.

ಸಭೆ ಅಂದರೆ ನಾವು ಉಳಿತಾಯ, ಸಾಲ, ಬಡ್ಡಿ, ಬ್ಯಾಂಕ್ ಪುಸ್ತಕ ಇದನ್ನೇ ಮಾತಾಡುತ್ತೇವೆ. ಈ ದಿನ ಹಿತ್ತಲಿನ ವಿಷಯ ಮಾತಾಡೋಣ ಅಂದಾಗ ಕೆಲವರು ಕೇಳಿದಿರಿ: "ಸಿಸ್ಟರ್, ಕುಡಿಯೋಕೇ ನೀರು ಸಾಲ್ತಿಲ್ಲ, ಗಿಡಕ್ಕೆ ಎಲ್ಲಿಂದ ತರೋಣ?" ಇದು ನ್ಯಾಯವಾದ ಪ್ರಶ್ನೆ. ನೀರು ಧಾರಾಳವಾಗಿ ಇದ್ದರೆ ಯಾರು ಬೇಕಾದರೂ ತೋಟ ಮಾಡಬಹುದು. ನಮಗೆ ಇರುವುದು ಕಡಿಮೆ. ಆ ಕಡಿಮೆಯಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದೇ ಈ ದಿನದ ಮಾತು.

ಬೇಸಿಗೆಯಲ್ಲಿ ಮೊದಲು ಖಾಲಿಯಾಗುವುದು ಯಾರ ತಟ್ಟೆ?

ಬೇಸಿಗೆ ಬಂತು ಅಂದರೆ ಸಂತೆಯಲ್ಲಿ ಸೊಪ್ಪಿನ ಕಟ್ಟು ಸಣ್ಣದಾಗುತ್ತದೆ, ಬೆಲೆ ದೊಡ್ಡದಾಗುತ್ತದೆ. ಆಗ ಮನೆಯಲ್ಲಿ ಏನಾಗುತ್ತದೆ? ಗಂಡನಿಗೆ, ಮಕ್ಕಳಿಗೆ, ಅತ್ತೆ ಮಾವನಿಗೆ ಪಲ್ಯ ಬಡಿಸಿ, ಕೊನೆಗೆ ನಾವು ಮುದ್ದೆಗೆ ಸಾರಿನ ತಿಳಿ ಹಾಕಿಕೊಂಡು ಎದ್ದುಬಿಡುತ್ತೇವೆ. ಯಾರೂ ಬೇಡ ಅಂದಿರುವುದಿಲ್ಲ, ನಾವೇ ಬಿಟ್ಟಿರುತ್ತೇವೆ.

2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. ಅಂದರೆ ಇಲ್ಲಿ ಕೂತಿರುವ ಇಬ್ಬರಲ್ಲಿ ಹೆಚ್ಚುಕಡಿಮೆ ಒಬ್ಬರು. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣು ಕತ್ತಲೆ, ಕೈಕಾಲು ಸೋಲುವುದು. ಇದನ್ನು "ವಯಸ್ಸಾಯ್ತು" ಅಂತ ನಾವು ತಳ್ಳಿಹಾಕುತ್ತೇವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲಿ ದೊಡ್ಡವರೊಬ್ಬರಿಗೆ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ, ಅದರಲ್ಲಿ 100 ಗ್ರಾಂ ಸೊಪ್ಪು ಬೇಕು ಅಂದಿದೆ. ಕೊಂಡು ತಿನ್ನುವ ಮನೆಯಲ್ಲಿ ಇದು ಕಷ್ಟ. ಹಿತ್ತಲಲ್ಲಿ ಒಂದು ನುಗ್ಗೆ, ಒಂದು ಪಾತಿ ದಂಟು ಇದ್ದರೆ ಸ್ವಲ್ಪ ಹತ್ತಿರ ಬರಬಹುದು.

ಹಣದ ಲೆಕ್ಕವನ್ನೂ ನೋಡಿ. ಒಂದು ಕಟ್ಟು ಸೊಪ್ಪು 20 ರೂಪಾಯಿ ಅಂತ ಇಟ್ಟುಕೊಳ್ಳಿ. ವಾರಕ್ಕೆ ನಾಲ್ಕು ಕಟ್ಟು ಅಂದರೆ 80. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳಿಗೆ 13 ವಾರ, 1,040 ರೂಪಾಯಿ. ಕೈತೋಟದಿಂದ ನಾವು ಶ್ರೀಮಂತರಾಗುವುದಿಲ್ಲ. ಆದರೆ ಇಷ್ಟು ಹಣ ಮನೆಯಲ್ಲಿ ಉಳಿಯುತ್ತದೆ, ತಟ್ಟೆಗೆ ಸೊಪ್ಪು ಬೀಳುತ್ತದೆ.

ನಮ್ಮ ನೀರಿನ ಲೆಕ್ಕ

ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ನಂದಿ ಬೆಟ್ಟದ ಕಡೆ ಹುಟ್ಟಿದರೂ ನಮ್ಮ ಕೊಡ ತುಂಬುವುದು ಬೋರ್‌ವೆಲ್‌ನಿಂದಲೇ. ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳಲ್ಲಿ ನಮ್ಮ ದೇವನಹಳ್ಳಿಯೂ ಒಂದು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಮರುವರ್ಷ ಏಪ್ರಿಲ್ 28ಕ್ಕೆ ಬೆಂಗಳೂರಿನಲ್ಲಿ ಬಿಸಿಲು 38.5 ಡಿಗ್ರಿಗೆ ಏರಿತು. ಅಂಥ ಬೇಸಿಗೆ ಮತ್ತೆ ಬರುವುದಿಲ್ಲ ಅಂತ ಯಾರೂ ಹೇಳಲಾರರು.

ಹಾಗಾದರೆ ಕೈತೋಟಕ್ಕೆ ಎಷ್ಟು ನೀರು ಬೇಕು? ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಜಾಗ ಪೂರ್ತಿ ತರಕಾರಿ ಹಾಕಿದರೆ, ಕಡು ಬೇಸಿಗೆಯಲ್ಲಿ ದಿನಕ್ಕೆ ಸುಮಾರು 75ರಿಂದ 90 ಲೀಟರ್ ಬೇಕಾಗುತ್ತದೆ. 15 ಲೀಟರಿನ ಬಿಂದಿಗೆಯಲ್ಲಿ ಐದಾರು ಬಿಂದಿಗೆ. ಇದನ್ನು ಹೊಸದಾಗಿ ಹೊತ್ತು ತನ್ನಿ ಅಂತ ನಾನು ಹೇಳುವುದಿಲ್ಲ. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾದಾಗ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬ ಗುರಿ ಇಟ್ಟಿದ್ದರು. ಐದು ಜನರ ಮನೆಗೆ 275 ಲೀಟರ್ ಆಯಿತು. ಅಷ್ಟು ನೀರು ಬರುವ ಮನೆಯಲ್ಲಿ ಅರ್ಧದಷ್ಟಾದರೂ ಸ್ನಾನ, ಬಟ್ಟೆ, ಪಾತ್ರೆ ಮುಗಿಸಿಕೊಂಡು ಬಚ್ಚಲಿಂದ ಚರಂಡಿಗೆ ಹೋಗುತ್ತದೆ. ಗಿಡಕ್ಕೆ ಬೇಕಾದ ನೀರು ನಿಮ್ಮ ಮನೆಯಿಂದಲೇ ದಿನಾ ಹೊರಗೆ ಹರಿದು ಹೋಗುತ್ತಿದೆ. ಅಷ್ಟು ನೀರೂ ಬಾರದ ಮನೆಯವರು ತೋಟವನ್ನೇ ಚಿಕ್ಕದು ಮಾಡಿಕೊಳ್ಳಬೇಕು.

ಯಾವ ಗಿಡ ಮೊದಲು?

ಮನೆಯಲ್ಲಿ ಅಕ್ಕಿ ಕಡಿಮೆಯಿದ್ದಾಗ ಯಾರಿಗೆ ಮೊದಲು ಬಡಿಸಬೇಕು ಅಂತ ತಾಯಿಗೆ ಗೊತ್ತಿರುತ್ತದೆ. ಗಿಡಕ್ಕೂ ಹಾಗೇ ಲೆಕ್ಕ ಮಾಡಿ.

ದಿನಕ್ಕೆ ಎರಡೇ ಬಿಂದಿಗೆ ಸಿಕ್ಕರೆ, ಹಲವು ವರ್ಷ ಬಾಳುವ ಗಿಡಗಳನ್ನು ಉಳಿಸಿ: ನುಗ್ಗೆ, ಕರಿಬೇವು, ನಿಂಬೆ, ಪರಂಗಿ, ಸೀಬೆ. ಇವು ಈ ವರ್ಷ ಒಣಗಿದರೆ ಮತ್ತೆ ಬೆಳೆಸಲು ವರ್ಷಗಳು ಬೇಕು. ನಮ್ಮ ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಹಿತ್ತಲಲ್ಲಿ ಒಂದು ಚಕ್ಕೋತದ ಸಸಿ ಇದ್ದರೆ ಅದಕ್ಕೂ ಪಾಲು ಕೊಡಿ. ಬೇರು ಆಳಕ್ಕೆ ಹೋಗದ ಎಳೆ ಸಸಿಗೆ ಮೊದಲ ಎರಡು ಮೂರು ಬೇಸಿಗೆ ದಾಟಿಸುವುದೇ ಕಷ್ಟ.

ನಾಲ್ಕು ಬಿಂದಿಗೆ ಸಿಕ್ಕರೆ, ಒಂದೆರಡು ಪಾತಿ ಸೊಪ್ಪು ಸೇರಿಸಿ. ದಂಟು, ಹರಿವೆ ಬಿಸಿಲು ತಡೆಯುತ್ತವೆ, 25-30 ದಿನಕ್ಕೆ ಕೈಗೆ ಬರುತ್ತವೆ. ಬಸಳೆ, ಚಕ್ರಮುನಿ ಒಮ್ಮೆ ನೆಟ್ಟರೆ ಕೊಯ್ದಷ್ಟೂ ಚಿಗುರುತ್ತವೆ. ಮೆಂತ್ಯ, ಕೊತ್ತಂಬರಿ ಹಾಕುವುದಾದರೆ ನೆರಳಿನಲ್ಲಿ ಮಾತ್ರ. ಬಿಸಿಲಿಗೆ ಕೊತ್ತಂಬರಿ ಬೇಗ ಹೂ ಬಿಟ್ಟು ಹೋಗುತ್ತದೆ.

ಅದಕ್ಕಿಂತ ಹೆಚ್ಚು ನೀರಿದ್ದರೆ ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ಸೋರೆ ಹಾಕಬಹುದು. ಟೊಮ್ಯಾಟೊ ಮಾತ್ರ ಈಗ ಹೊಸದಾಗಿ ನೆಡಬೇಡಿ. ಬಿಸಿಲು 35 ಡಿಗ್ರಿ ದಾಟಿದರೆ ಅದರ ಹೂವು ಕಾಯಿ ಕಚ್ಚದೆ ಉದುರುತ್ತದೆ. "ಗೊಬ್ಬರ ಸಾಲಲಿಲ್ಲ" ಅಂತ ಅಂಗಡಿಗೆ ಓಡಬೇಡಿ. ಅದು ಬಿಸಿಲಿನ ಕೆಲಸ. ಈಗಾಗಲೇ ಇರುವ ಗಿಡಕ್ಕೆ ನೆರಳು ಮಾಡಿ ಕಾಪಾಡಿ, ಮಳೆ ಬಿದ್ದ ಮೇಲೆ ಚೇತರಿಸಿಕೊಳ್ಳುತ್ತದೆ.

ನೀರು ಹಾಕುವ ರೀತಿ

ಬೆಳಿಗ್ಗೆ ಏಳು ಗಂಟೆಯೊಳಗೆ ಹಾಕುವುದು ಒಳ್ಳೆಯದು. ಆಗದಿದ್ದರೆ ಹೊತ್ತು ಮುಳುಗುವಾಗ. ಮಧ್ಯಾಹ್ನ ಹಾಕಿದರೆ ನೀರಿನ ದೊಡ್ಡ ಪಾಲು ಆವಿಯಾಗುತ್ತದೆ.

ದಿನಾ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ, ಬಿಸಿಲಿಗೆ ಬೇಗ ಸಾಯುತ್ತದೆ. ಬೆಳೆದ ಗಿಡಕ್ಕೆ ದಿನ ಬಿಟ್ಟು ದಿನ, ಬುಡಕ್ಕೆ, ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಹಾಕಿ. ಬೀಜ ಚೆಲ್ಲಿದ ಪಾತಿಗೆ, ಎಳೆ ಸಸಿಗೆ ಮಾತ್ರ ದಿನಾ ತೆಳುವಾಗಿ ಹಾಕಬೇಕು.

ಮಧ್ಯಾಹ್ನ ಎರಡು ಗಂಟೆಗೆ ಎಲೆ ಜೋಲು ಬಿದ್ದರೆ ಗಾಬರಿಯಾಗಬೇಡಿ. ಕುಂಬಳ, ಸೋರೆಯಂಥ ಅಗಲ ಎಲೆಯ ಗಿಡ ಬಿಸಿಲಿಗೆ ಹಾಗೆ ಬಾಡಿ ಸಂಜೆಗೆ ಎದ್ದು ನಿಲ್ಲುತ್ತದೆ. ಬೆಳಿಗ್ಗೆಯೂ ಜೋಲು ಬಿದ್ದಿದ್ದರೆ ಮಣ್ಣಿಗೆ ಎರಡು ಗೆಣ್ಣು ಬೆರಳು ಇಳಿಸಿ ನೋಡಿ. ಒಣಗಿದ್ದರೆ ನೀರು ಹಾಕಿ. ಹಸಿಯಿದ್ದೂ ಬಾಡಿದ್ದರೆ ಬೇರಿಗೆ ಏನೋ ಆಗಿದೆ ಅಂತ ಅರ್ಥ. ಇನ್ನಷ್ಟು ನೀರು ಹಾಕಿದರೆ ಕೊಳೆಯುತ್ತದೆ.

ಮಳೆಗಾಲದಲ್ಲಿ ಏರುಮಡಿ ಮಾಡುತ್ತೇವೆ. ಬೇಸಿಗೆಯಲ್ಲಿ ಅದನ್ನು ತಿರುಗಿಸಿ, ಪಾತಿಯನ್ನು ನೆಲಕ್ಕಿಂತ ನಾಲ್ಕು ಬೆರಳು ತಗ್ಗಿಸಿ ಸುತ್ತ ಬದು ಕಟ್ಟಿ. ಹಾಕಿದ ನೀರು ಹರಿದು ಹೋಗದೆ ಬುಡದಲ್ಲೇ ಇಂಗುತ್ತದೆ.

ಇನ್ನೊಂದು ಹಳೆಯ ಉಪಾಯ ಮಡಕೆ. ಸುಣ್ಣ, ಬಣ್ಣ ಬಳಿಯದ, ನೀರು ಜಿನುಗುವ ಮಣ್ಣಿನ ಮಡಕೆಯನ್ನು ಕಂಠದವರೆಗೆ ಹೂತು, ನೀರು ತುಂಬಿ ಮುಚ್ಚಳ ಹಾಕಿ. ಸುತ್ತ ಒಂದು ಅಡಿಯೊಳಗೆ ನಾಲ್ಕೈದು ಗಿಡ ನೆಡಿ. ಮಣ್ಣು ಒಣಗಿದಂತೆ ಮಡಕೆಯಿಂದ ನೀರು ಜಿನುಗುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕು. ಮುಚ್ಚಳ ಮರೆಯಬೇಡಿ, ತೆರೆದ ನೀರಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ, ಡೆಂಗಿ ಬರುತ್ತದೆ. ಮಡಕೆ ಕೊಳ್ಳಲು ಆಗದವರು ಬಿಸಾಡಿದ ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿ ತೂತು ಮಾಡಿ, ತುಂಬಿ, ತಲೆಕೆಳಗಾಗಿ ಬುಡದಲ್ಲಿ ನೆಡಿ.

ನೆಲಕ್ಕೆ ಹೊದಿಕೆ, ತಲೆಗೆ ನೆರಳು

ಬಿಸಿಲಿಗೆ ಹೊರಟರೆ ನಾವು ತಲೆಗೆ ಸೆರಗು ಹಾಕುತ್ತೇವಲ್ಲ, ನೆಲಕ್ಕೂ ಅದೇ ಬೇಕು. ಬುಡದ ಸುತ್ತ ಮೂರು ನಾಲ್ಕು ಬೆರಳು ದಪ್ಪ ಹೊದಿಕೆ ಹಾಕಿದರೆ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ. ಪುಸ್ತಕದಲ್ಲಿ ಹುಲ್ಲು ಹಾಕಿ ಅಂತ ಬರೆಯುತ್ತಾರೆ. ನಮ್ಮ ರಾಗಿ ಹುಲ್ಲು ದನಕ್ಕೇ ಸಾಲುವುದಿಲ್ಲ, ಅದನ್ನು ಮುಟ್ಟಬೇಡಿ. ಹೊಂಗೆ ತರಗು, ಮಾವಿನ ಎಲೆ, ಕಡಲೇಕಾಯಿ ಸಿಪ್ಪೆ, ಅವರೆ ಹೊಟ್ಟು, ತೆಂಗಿನ ನಾರು, ಬಾಳೆ ಪಟ್ಟೆ ಯಾವುದಾದರೂ ಆದೀತು. ರೇಷ್ಮೆ ಸಾಕುವ ಮನೆಯಲ್ಲಿ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ರಾಶಿ ಬಿದ್ದಿರುತ್ತದೆ, ಅದನ್ನು ಕತ್ತರಿಸಿ ಹಾಸಿ. ಹುಳದ ಹಿಕ್ಕೆಗೆ ಸುಣ್ಣ, ಬ್ಲೀಚಿಂಗ್ ಪುಡಿ ಬೆರೆತಿರುವುದರಿಂದ ಅದನ್ನು ತಿಪ್ಪೆಯಲ್ಲಿ ಚೆನ್ನಾಗಿ ಕೊಳೆಸಿ ಆಮೇಲೆ ಹಾಕಿ.

ಎರಡು ಎಚ್ಚರಿಕೆ. ಹೊದಿಕೆ ಕಾಂಡಕ್ಕೆ ತಗಲದಂತೆ ಎರಡು ಬೆರಳು ಬಿಡಿ, ಇಲ್ಲವಾದರೆ ಕಾಂಡ ಕೊಳೆಯುತ್ತದೆ. ತಂಪಿಗೆ ಹಾವು ಚೇಳು ಬಂದು ಸೇರಬಹುದು. ಬರಿಗೈ ಹಾಕುವ ಮುಂಚೆ ಕೋಲಿನಿಂದ ಕೆದಕಿ ನೋಡಿ, ಕಾಲಿಗೆ ಚಪ್ಪಲಿ ಇರಲಿ.

ನೆರಳಿಗೆ ಪಡುವಣ ಬಿಸಿಲಿನ ಕಡೆ ನಾಲ್ಕು ಗೂಟ ನೆಟ್ಟು ತೆಂಗಿನ ಗರಿ ಹೊದಿಸಿ. ಹಳೆಯ ಹತ್ತಿ ಸೀರೆಯೂ ಆಗುತ್ತದೆ. ಗಾಳಿ ಆಡಬೇಕು, ಬೆಳಕು ಪೂರ್ತಿ ಮುಚ್ಚಬಾರದು. ಹೀರೆ, ಬಸಳೆ ಬಳ್ಳಿಯ ಚಪ್ಪರ ಇದ್ದರೆ ಅದರ ಕೆಳಗೇ ಕೊತ್ತಂಬರಿ ಹಾಕಿಕೊಳ್ಳಿ.

ಬಚ್ಚಲು ನೀರನ್ನು ಹೇಗೆ ಬಳಸುವುದು?

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ನೇರವಾಗಿ ಸೊಪ್ಪಿನ ಪಾತಿಗೆ ಹಾಕಬಹುದು. ದನಕ್ಕೆ ಕೊಡುವ ಮುಸುರೆಯನ್ನು ದನಕ್ಕೇ ಬಿಡಿ.

ಬಟ್ಟೆಯ ಮೊದಲನೇ ನೊರೆ ನೀರು ಗಿಡಕ್ಕೆ ಬೇಡ. ಸೋಪಿನ ಪುಡಿಯಲ್ಲಿರುವ ಉಪ್ಪಿನಂಶ ಸೇರಿ ಸೇರಿ ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ. ಎರಡನೇ, ಮೂರನೇ ಸಲ ಜಾಲಿಸಿದ ನೀರು ಮತ್ತು ಸ್ನಾನದ ನೀರನ್ನು ಬಾಳೆ, ತೆಂಗು, ಪರಂಗಿ, ನುಗ್ಗೆ, ಹೂಗಿಡಗಳ ಬುಡಕ್ಕೆ ಬಿಡಿ. ಎಲೆಯ ಮೇಲೆ ಎರಚಬೇಡಿ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್ ಪಾತಿಗೆ ಬೇಡವೇ ಬೇಡ. ಮಗುವಿನ ಹೇಲುಬಟ್ಟೆ ತೊಳೆದ ನೀರು, ಬ್ಲೀಚಿಂಗ್ ಪುಡಿ ನೀರು ಗಿಡಕ್ಕೆ ಸೇರಬಾರದು. ಬಚ್ಚಲು ನೀರನ್ನು ಬಕೆಟ್‌ನಲ್ಲಿ ದಿನಗಟ್ಟಲೆ ಇಡಬೇಡಿ, ಅಂದಿನದು ಅಂದೇ ಹಾಕಿ. ಒಂದೇ ಗಿಡಕ್ಕೆ ದಿನಾ ಬೀಳದಂತೆ ಕಾಲುವೆ ಬದಲಾಯಿಸುತ್ತಿರಿ.

ಇನ್ನು ಕೆರೆಯ ಮಾತು. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ನಮ್ಮ ಕಡೆಯ ಕೆಲವು ಕೆರೆಗಳಿಗೂ ತುಂಬಿಸುತ್ತಾರೆ. ಅದು ನೆಲಕ್ಕೆ ಇಂಗಿ ಅಂತರ್ಜಲ ಏರಲಿ ಅಂತ ಬಿಟ್ಟ ನೀರು. ಹತ್ತಿರ ಇದೆ ಅಂತ ಕೊಡದಲ್ಲಿ ತಂದು ಸೊಪ್ಪಿಗೆ ಹಾಕುವುದು ಬೇಡ.

ಏಪ್ರಿಲ್, ಮೇ ತಿಂಗಳಲ್ಲಿ ಒಂದೆರಡು ಜೋರು ಮಳೆ ಬರುವುದುಂಟು. 400 ಚದರಡಿ ಮಾಳಿಗೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 370 ಲೀಟರ್, ಅಂದರೆ 24 ಬಿಂದಿಗೆ ನೀರು. ಸೂರಿನ ಕೆಳಗೆ ಡ್ರಮ್ಮು, ಹಂಡೆ ಏನಿದ್ದರೂ ಇಡಿ. ಆಮೇಲೆ ಬಟ್ಟೆ ಕಟ್ಟಿ ಮುಚ್ಚಿ.

ಹುಳ, ನುಸಿ, ಗೊಬ್ಬರ

ಬೇಸಿಗೆಯಲ್ಲಿ ಕೆಂಪು ನುಸಿ, ಹೇನು, ಹಿಟ್ಟು ತಿಗಣೆ ಹೆಚ್ಚು. ಬೆಂಡೆ, ಬದನೆ ಎಲೆಯನ್ನು ತಿರುಗಿಸಿ ಅಡಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಶುರುವಿನಲ್ಲಿ ಬೆಳಿಗ್ಗೆ ಹೊತ್ತು ಎಲೆಯ ಅಡಿಗೆ ಒಂದು ಚೊಂಬು ಒಳ್ಳೆ ನೀರು ರಭಸವಾಗಿ ಎರಚಿದರೇ ಅರ್ಧ ಹೋಗುತ್ತದೆ. ಹಿಟ್ಟು ತಿಗಣೆ ಹತ್ತಿದ ಕುಡಿಯನ್ನು ಕಿತ್ತು ಸುಟ್ಟುಬಿಡಿ. ಬೇವಿನ ಕಷಾಯಕ್ಕೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸೋಪು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ದರೆ ಬೇವೂ ಸಿಂಪಡಿಸಬೇಡಿ. ಆ ಸೊಪ್ಪು ತಿಂದ ರೇಷ್ಮೆಹುಳಕ್ಕೆ ತೊಂದರೆಯಾಗಿ ನೆರೆಮನೆಯವರ ಬೆಳೆ ಕೆಡುತ್ತದೆ.

ಯೂರಿಯಾ ಈಗ ಬೇಡ. ಒಣ ಮಣ್ಣಿಗೆ ಹಾಕಿದರೆ ಬೇರು ಸುಡುತ್ತದೆ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಎರಡು ಹಿಡಿ ಸಾಕು. ಜೀವಾಮೃತ ಮಾಡುವವರು 20 ಲೀಟರ್ ನೀರಿಗೆ ಒಂದು ಕಿಲೋ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆಹಿಟ್ಟು, ಹೊಲದ ಒಂದು ಹಿಡಿ ಮಣ್ಣು ಬೆರೆಸಿ ಎರಡು ದಿನ ನೆರಳಲ್ಲಿಟ್ಟು, ಮಣ್ಣು ಹಸಿಯಿದ್ದಾಗ ಹಾಕಿ.

ಗಿಡದ ಜೊತೆ ನಮ್ಮ ಮೈಯೂ

ಹನ್ನೊಂದರಿಂದ ನಾಲ್ಕರವರೆಗೆ ಗುದ್ದಲಿ ಹಿಡಿಯಬೇಡಿ. ಕೈಗೆ ಸಿಗುವ ಕಡೆ ನೀರಿನ ಚೊಂಬು ಇರಲಿ. ಸುಸ್ತಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಕುಡಿಯಿರಿ. ಯಾರಿಗಾದರೂ ಮೈ ಕೆಂಡದಂತೆ ಸುಟ್ಟು, ಮಾತು ತೊದಲಿ, ಎಚ್ಚರ ತಪ್ಪುವಂತಾದರೆ ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಇನ್ನೊಂದು ಮಾತು ಹೇಳಲೇಬೇಕು. ಕೈತೋಟ ಅಂದರೆ ಹೆಂಗಸಿನ ತಲೆಗೆ ಇನ್ನೊಂದು ಕೊಡ ಅಂತ ಆಗಬಾರದು. ಮಾರ್ಚ್, ಏಪ್ರಿಲ್ ಪರೀಕ್ಷೆಯ ಕಾಲ. ಓದುವ ಮಗಳನ್ನು ಎಬ್ಬಿಸಿ ಕೈಗೆ ಬಿಂದಿಗೆ ಕೊಡಬೇಡಿ. ಮಗನಿಗೂ ಕೈ ಇದೆ, ಮನೆಯವರಿಗೂ ಕೈ ಇದೆ. ಪಲ್ಯ ತಿನ್ನುವವರೆಲ್ಲ ಪಾಳಿಯ ಮೇಲೆ ನೀರು ಹಾಕಲಿ.

ಸಂಘದಿಂದ ಏನಾಗಬಹುದು?

ಬೇಸಿಗೆಯಲ್ಲಿ ಕೆಲವು ಮನೆಯಲ್ಲಿ ಒಂದು ಆಲೋಚನೆ ಬರುತ್ತದೆ: "ಸಂಘದಿಂದ ಸಾಲ ತೆಗೆದು ಬೋರ್ ಹಾಕಿಸಿಬಿಡೋಣ." ದಯವಿಟ್ಟು ನಿಧಾನಿಸಿ. ಅಂತರ್ಜಲ ಬತ್ತಿರುವ ತಾಲ್ಲೂಕಿನಲ್ಲಿ ನೀರು ಬೀಳುತ್ತದೆ ಅಂತ ಖಾತ್ರಿಯಿಲ್ಲ. ಅಧಿಸೂಚಿತ ಪ್ರದೇಶದಲ್ಲಿ ಕೊರೆಸಲು 2011ರ ಅಂತರ್ಜಲ ಕಾನೂನಿನ ಪ್ರಕಾರ ಅನುಮತಿಯೂ ಬೇಕು. ನೀರು ಬೀಳದಿದ್ದರೂ ಕಂತು ಕಟ್ಟಲೇಬೇಕು, ಮತ್ತು ಆ ಸಾಲದ ಪುಸ್ತಕದಲ್ಲಿ ಇರುವುದು ನಿಮ್ಮ ಹೆಸರು.

ಅದರ ಬದಲು ಸಣ್ಣ ಕೆಲಸಗಳಿವೆ. ಹತ್ತು ಮನೆ ಸೇರಿ ಬೀಜ ಹಂಚಿಕೊಳ್ಳಿ. ಒಬ್ಬರು ದಂಟಿನ ಬೀಜ, ಒಬ್ಬರು ಹೀರೆ, ಒಬ್ಬರು ಅಲಸಂದೆ ಕಾಪಾಡಿದರೆ ಯಾರೂ ಕೊಳ್ಳಬೇಕಾಗಿಲ್ಲ. ಬೂದಿ ಬೆರೆಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮುಂದಿನ ಸಲಕ್ಕೆ ಬರುತ್ತದೆ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಂಗಸರು ಸಿರಿಧಾನ್ಯ ಮತ್ತು ಬೀಜ ಸಂರಕ್ಷಣೆಯ ಕೆಲಸಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದರು. ಅವರೂ ನಮ್ಮ ಹಾಗೇ ಸಂಘ ಕಟ್ಟಿಕೊಂಡವರು.

ಗಿಡಕ್ಕೆ ಏನು ರೋಗ ಅಂತ ತಿಳಿಯದಿದ್ದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ಅವರ "ಅರ್ಕಾ" ಹೆಸರಿನ ಬೆಂಡೆ, ದಂಟು, ಟೊಮ್ಯಾಟೊ ತಳಿಗಳನ್ನು ನೀವು ಕೇಳಿರಬಹುದು. ಒಬ್ಬೊಬ್ಬರೇ ಹೋಗಲು ಸಂಕೋಚವಾದರೆ ಸಂಘದವರು ಸೇರಿ ಹೋಗಿ.

ಹಿತ್ತಲೇ ಇಲ್ಲದ ಸದಸ್ಯೆಯರೂ ನಮ್ಮಲ್ಲಿದ್ದಾರೆ. ಬಾಡಿಗೆ ಮನೆಯವರು, ಒಂದು ಕೋಣೆಯವರು. ಅವರು ಎರಡು ಹಳೆಯ ಅಕ್ಕಿ ಚೀಲಕ್ಕೆ ಮಣ್ಣು ಗೊಬ್ಬರ ತುಂಬಿ ಬಾಗಿಲ ಪಕ್ಕ ಬಸಳೆ, ಹರಿವೆ ಹಾಕಬಹುದು. ಚೀಲದ ಮಣ್ಣು ಬೇಗ ಒಣಗುತ್ತದೆ, ಹಾಗಾಗಿ ಗೋಡೆಯ ನೆರಳಿಗೆ ಇಡಿ. ಅದೂ ಆಗದವರಿಗೆ ನುಗ್ಗೆಮರ ಇರುವ ಮನೆಯವರು ವಾರಕ್ಕೊಂದು ಹಿಡಿ ಸೊಪ್ಪು ಕೊಡಿ. ನುಗ್ಗೆ ಕೊಂಬೆ ಕಡಿದಷ್ಟೂ ಚಿಗುರುತ್ತದೆ, ಕೊಟ್ಟರೆ ಕಡಿಮೆಯಾಗುವುದಿಲ್ಲ.

ಮುಂದಿನ ಸಭೆಗೆ ಬರುವಷ್ಟರಲ್ಲಿ ಮೂರು ಕೆಲಸ ಮಾಡಿ. ನಿಮ್ಮ ಬಚ್ಚಲಿಂದ ದಿನಕ್ಕೆ ಎಷ್ಟು ಬಿಂದಿಗೆ ನೀರು ಹೊರಗೆ ಹೋಗುತ್ತದೆ ಅಂತ ಲೆಕ್ಕ ಹಾಕಿ. ಒಂದು ಪಾತಿಗಾದರೂ ಹೊದಿಕೆ ಹಾಕಿ. ಮನೆಯಲ್ಲಿ ಸೊಪ್ಪಿನ ಪಲ್ಯ ಮಾಡಿದ ದಿನ ನಿಮ್ಮ ತಟ್ಟೆಗೂ ಒಂದು ಸೌಟು ಬಡಿಸಿಕೊಳ್ಳಿ, ಮೇಲೆ ನಿಂಬೆಹುಳಿ ಹಿಂಡಿ. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ತಕ್ಷಣ ಟೀ ಕುಡಿಯಬೇಡಿ, ಅದು ಕಬ್ಬಿಣಾಂಶ ಹತ್ತದಂತೆ ಮಾಡುತ್ತದೆ. ಸುಸ್ತು ಹೆಚ್ಚಿರುವವರು ಸೊಪ್ಪೊಂದನ್ನೇ ನಂಬಿ ಕೂರದೆ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ಈ ಮೂರನ್ನೂ ಮುಂದಿನ ಸಭೆಯಲ್ಲಿ ಒಬ್ಬೊಬ್ಬರನ್ನಾಗಿ ಕೇಳುತ್ತೇನೆ, ನೆನಪಿರಲಿ.